ಕಾಜಾ ಅಕ್ಕನ ಬೇರೆ ಒಲೆ

ಹೃದಯದ ಡಾಕ್ಟರ ಕೋಣೆಯಿಂದ ಹೊರಗೆ ಬಂದ ಕಾಜಾ ಅಕ್ಕ ಮೊದಲು ನೋಡಿದ್ದು ತಮ್ಮನ ಅಂಗಿಯನ್ನು.

"ಈ ಗುಂಡಿ ನೇತಾಡ್ತಿದೆ. ಮನೆಗೆ ಹೋದ ತಕ್ಷಣ ಬಿಚ್ಚಿ ಕೊಡು" ಎಂದಳು.

ತಮ್ಮ ಆ ಗುಂಡಿಯನ್ನು ಮುಟ್ಟಿ ನೋಡಿಕೊಂಡ. ಅಕ್ಕನ ಎದೆಯೊಳಗಿನ ಒಂದು ಕವಾಟ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ, ತೆಗೆದು ಹೊಸದು ಹಾಕಬೇಕು, ಹೆಚ್ಚು ದಿನ ತಳ್ಳುವಂತಿಲ್ಲ ಎಂದು ಡಾಕ್ಟರು ಆಗ ತಾನೇ ಹೇಳಿದ್ದರು. ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದ ಅವನಿಗೆ ಕವಾಟ ಎಂದರೇನೆಂದು ಚೆನ್ನಾಗಿ ಗೊತ್ತು. ಅದು ಕೆಟ್ಟ ಇಂಜಿನ್ನಿನ ಸದ್ದೂ ಗೊತ್ತು. ಹತ್ತಿರದಲ್ಲೇ ಮಲಗುತ್ತಿದ್ದ ಜೀವದ ಸದ್ದು ಮಾತ್ರ ಕೇಳಿಸಿರಲಿಲ್ಲ. ಮೆಟ್ಟಿಲು ಹತ್ತುವಾಗ ಅಕ್ಕ ನಡುವೆ ನಿಂತು ಗೋಡೆಯ ಮೇಲಿನ ಯಾವುದೋ ಕಲೆಯನ್ನು ನೋಡುವವಳಂತೆ ನಟಿಸುತ್ತಿದ್ದಳು. ಅದನ್ನು ಅವನು ಎಷ್ಟೋ ಸಲ ಕಂಡಿದ್ದ. ಆ ಗೋಡೆಗೆ ಸುಣ್ಣ ಹೊಡೆಸಬೇಕು ಎಂದುಕೊಂಡು ಸುಮ್ಮನಾಗಿದ್ದ.

ಅವಳನ್ನು ಬೀದಿಯವರೆಲ್ಲ ಕರೆಯುತ್ತಿದ್ದುದೇ ಕಾಜಾ ಅಕ್ಕ ಎಂದು. ಟೈಲರುಗಳು ಹೊಲಿದ ಕೋಟು, ಅಂಗಿಗಳಿಗೆ ಕೈಯಿಂದ ಕಾಜಾ, ಅಂದರೆ ಗುಂಡಿ ತೂರುವ ಕಿಂಡಿ, ಹಾಕಿ ಗುಂಡಿ ಹೊಲಿಯುವುದು ಅವಳ ಕಸುಬು. ಕಾಜಾ ಹಾಕುವ ಮೆಷಿನ್ನು ಬಂದ ಮೇಲೆ ಸಾಮಾನ್ಯ ಅಂಗಿಗಳು ಅದರ ಪಾಲಾದವು. ಮದುಮಕ್ಕಳ ಕೋಟುಗಳು, ವಕೀಲರ ಕೋಟುಗಳು ಮಾತ್ರ ಈಗಲೂ ಅವಳ ಮಡಿಲಿಗೇ ಬರುತ್ತಿದ್ದವು. ತಂದೆ ತಾಯಿ ಒಬ್ಬರ ಹಿಂದೆ ಒಬ್ಬರು ಹೋದಾಗ ತಮ್ಮನಿಗೆ ಸರಿಯಾಗಿ ಮೂಗು ಒರೆಸಿಕೊಳ್ಳಲೂ ಬರುತ್ತಿರಲಿಲ್ಲ. ಅವನ ಶಾಲೆ, ಅವನ ಚಪ್ಪಲಿ, ಕೈಗಾರಿಕಾ ತರಬೇತಿಯ ಎರಡು ವರ್ಷ, ಎಲ್ಲವೂ ಕಾಜಾದ ಸಣ್ಣ ಕಿಂಡಿಯಿಂದಲೇ ತೂರಿ ಬಂದವು. ಮದುವೆಯ ಮಾತು ಬಂದಾಗಲೆಲ್ಲ ಅವಳು, "ಇವನೊಂದು ದಡ ಸೇರಲಿ, ಆಮೇಲೆ ನೋಡೋಣ" ಎನ್ನುತ್ತಿದ್ದಳು. ಇವನು ದಡ ಸೇರುವ ಹೊತ್ತಿಗೆ ಕೇಳಿಕೊಂಡು ಬರುವವರು ನಿಂತುಹೋಗಿದ್ದರು.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ವಿಮೆಯ ಸಹಾಯ ಕೌಂಟರ್ ಇತ್ತು. ಗಾಜಿನ ಹಿಂದೆ ಕೂತಿದ್ದ ಹೆಂಗಸು ಸ್ವೆಟರು ಹಾಕಿಕೊಂಡು ಫ್ಯಾನೂ ತಿರುಗಿಸಿಕೊಂಡಿದ್ದಳು.

"ಇವರು ನಿಮಗೆ ಏನಾಗ್ಬೇಕು?"

"ಅಕ್ಕ."

"ನಿಮಗೆ ಕೆಲಸದ ಕಡೆಯಿಂದ ವಿಮೆ ಇದೆಯಾ?"

"ಇದೆ, ಮೇಡಂ. ಬಸ್ ಡಿಪೊ."

"ಮತ್ತೇನು! ಅದರಲ್ಲಿ ಇವರ ಹೆಸರು ಇರ್ಬೇಕಲ್ಲ?"

ತಮ್ಮ ತಲೆ ತಗ್ಗಿಸಿದ. ಡಿಪೊದ ವಿಮೆ ನೌಕರನಿಗೆ, ಅವನ ಹೆಂಡತಿ ಮಕ್ಕಳಿಗೆ, ಜೊತೆಗೆ ಮನೆಯ ಒಬ್ಬ ಹಿರಿಯರಿಗೆ. ಆ ಹಿರಿಯರು ತಂದೆಯಾಗಬಹುದು, ತಾಯಿಯಾಗಬಹುದು, ಅತ್ತೆ ಮಾವ ಆಗಬಹುದು, ಮದುವೆಯಾಗದ ಅಕ್ಕನೂ ಆಗಬಹುದು. ಆದರೆ ಒಬ್ಬರೇ. ಒಮ್ಮೆ ಕೊಟ್ಟ ಹೆಸರನ್ನು ಆ ವ್ಯಕ್ತಿ ಬದುಕಿರುವವರೆಗೆ ಬದಲಾಯಿಸುವಂತಿಲ್ಲ. ಕೆಲಸ ಕಾಯಂ ಆದ ದಿನ ಡಿಪೊದ ಗುಮಾಸ್ತರು, "ಹಿರಿಯರು ಯಾರು?" ಎಂದು ಕೇಳಿದ್ದರು. ಅದೇ ದಿನ ಬೆಳಿಗ್ಗೆ ಹೆಂಡತಿ, ತನ್ನ ಅಪ್ಪನ ಕೆಮ್ಮು ನಿಲ್ಲುತ್ತಲೇ ಇಲ್ಲ ಎಂದು ಕಣ್ಣೊರೆಸಿಕೊಂಡಿದ್ದಳು. ಅವನು ಮಾವನ ಹೆಸರು ಹೇಳಿದ. ಗುಮಾಸ್ತರು ಬರೆದುಕೊಂಡು, ಮುಂದಿನವನನ್ನು ಕರೆದರು. ಒಂದು ಸೀನು ಬಂದು ಹೋಗುವಷ್ಟೂ ಹೊತ್ತು ಹಿಡಿದಿರಲಿಲ್ಲ.

ಆ ದಿನ ಸಂಜೆ ಅಕ್ಕನಿಗೆ ಹೇಳಿದಾಗ ಅವಳು ದಾರ ಕಚ್ಚುತ್ತಾ, "ಒಳ್ಳೇದಾಯ್ತು ಬಿಡು, ಪಾಪ ಆ ಮನುಷ್ಯ ಎದೆಗೂಡೇ ಹಾರಿಹೋಗೋ ಹಾಗೆ ಕೆಮ್ತಾರೆ" ಎಂದಿದ್ದಳು.

ಇಷ್ಟನ್ನು ಅವನು ಗಾಜಿನ ಕಿಂಡಿಗೆ ಬಾಯಿ ಹತ್ತಿರ ಇಟ್ಟು, ಹಿಂದೆ ನಿಂತವರಿಗೆ ಕೇಳಿಸದ ಹಾಗೆ ಹೇಳಿ ಮುಗಿಸಿದ. ಅಕ್ಕ ಪಕ್ಕದಲ್ಲೇ ಇದ್ದಳು. ಅವಳಿಗೆ ಗೊತ್ತಿದ್ದ ವಿಷಯವೇ. ಆದರೂ ಅವನ ಕಿವಿ ಉರಿಯುತ್ತಿತ್ತು. ಅವಳು ಈಗ ಕೇಳುತ್ತಾಳೆ, "ಅವತ್ತು ನಿನಗೆ ನನ್ನ ಹೆಸರು ನೆನಪಾಗಲಿಲ್ವಾ?" ಎಂದು ಕೇಳಿಯೇ ಕೇಳುತ್ತಾಳೆ ಎಂದು ಅವನು ಕಾದು ನಿಂತ. ಅವಳು ಕೇಳಲಿಲ್ಲ.

"ಸರಿ, ಸರ್ಕಾರಿ ಕಾರ್ಡ್ ಮಾಡಿಸ್ಬೇಕು. ಆಪರೇಷನ್ನು, ಆಮೇಲಿನ ಮಾತ್ರೆ, ಎಲ್ಲ ಅದರಲ್ಲೇ ಬರುತ್ತೆ. ಇವರು ನಿಮ್ಮ ಮನೇಲೇ ಇರೋದಾ?" ಎಂದಳು ಕೌಂಟರಿನ ಹೆಂಗಸು.

"ಹುಟ್ಟಿದಾಗಿಂದ ನಾನೇ ಇವರ ಮನೇಲಿ ಇರೋದು" ಎಂದ ತಮ್ಮ.

"ಅಲ್ಲೇ ಎಡವಟ್ಟು. ಒಂದೇ ಅಡುಗೆ ಉಣ್ಣೋರೆಲ್ಲ ಒಂದೇ ಕುಟುಂಬ ಅಂತ ನಿಯಮ. ಕುಟುಂಬದಲ್ಲಿ ಒಬ್ಬರಿಗೆ ಕೆಲಸದ ವಿಮೆ ಇದ್ರೂ ಮಿಕ್ಕ ಯಾರಿಗೂ ಸರ್ಕಾರಿ ಕಾರ್ಡ್ ಕೊಡಲ್ಲ."

ಅಲ್ಲಿಯವರೆಗೆ ಸುಮ್ಮನಿದ್ದ ಕಾಜಾ ಅಕ್ಕ ಮುಂದೆ ಬಾಗಿದಳು. "ಅಂದ್ರೆ ಅವನ ವಿಮೆಗೆ ನಾನು ಅವನ ಮನೆಯವಳಲ್ಲ. ನಿಮ್ಮ ಕಾರ್ಡಿಗೆ ಮಾತ್ರ ಅವನ ಮನೆಯವಳು. ಹಾಗಾದ್ರೆ ನಾನು ಎಲ್ಲಿದ್ದೀನಿ ಅಂತಾಯ್ತು, ತಾಯಿ?"

"ಮಧ್ಯದಲ್ಲಿ, ಅಮ್ಮ. ಈ ಕೌಂಟರಿಗೆ ಬರೋರೆಲ್ಲ ಮಧ್ಯದಲ್ಲಿ ಇರೋರೇ. ಆ ಕಡೆ ಈ ಕಡೆ ಇರೋರು ಮೇಲಿನ ಮಹಡಿಗೆ ಹೋಗ್ತಾರೆ."

ಇಬ್ಬರೂ ನಕ್ಕರು. ತಮ್ಮನಿಗೆ ನಗು ಬರಲಿಲ್ಲ.

ಕೌಂಟರಿನ ಹೆಂಗಸು ದನಿ ತಗ್ಗಿಸಿದಳು. ಒಂದೇ ಸೂರಿನಡಿ ಇದ್ದರೂ ಅಡುಗೆ ಬೇರೆಯಾದರೆ ಬೇರೆ ಕುಟುಂಬ ಎಂದೇ ಲೆಕ್ಕವಂತೆ. ಅರ್ಜಿ ಹಾಕಿದ ಮೇಲೆ ಹೇಳದೆ ಕೇಳದೆ ಒಬ್ಬರು ಬಂದು ನೋಡಿಕೊಂಡು ಹೋಗುತ್ತಾರಂತೆ. ಪ್ರತಿ ವರ್ಷ ಕಾರ್ಡ್ ಹೊಸದು ಮಾಡುವಾಗಲೂ ನೋಡುತ್ತಾರಂತೆ. "ಕೆಲವರು ತೋರಿಸೋಕೆ ಅಂತ ಒಂದು ಒಲೆ ತಂದಿಟ್ಟಿರ್ತಾರೆ. ನೋಡೋರು ಬಂದು ಹೋದ ಮೇಲೆ ಎತ್ತಿಡ್ತಾರೆ. ನಾನೇನೂ ಹೇಳಿಲ್ಲಪ್ಪ" ಎಂದು ಅವಳು ಸ್ವೆಟರಿನ ತೋಳು ಎಳೆದುಕೊಂಡಳು.

ಬಸ್ಸಿನಲ್ಲಿ ಅಕ್ಕ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಇಳಿಯುವ ನಿಲ್ದಾಣ ಹತ್ತಿರ ಬಂದಾಗ ಹೇಳಿದಳು. "ಲೋ, ನನಗೆ ಸುಳ್ಳು ಹೇಳೋಕೆ ಬರಲ್ಲ. ಸುಳ್ಳು ಹೇಳಿದ್ರೆ ಎರಡೂ ಕಿವಿ ಟೊಮೆಟೊ ಆಗ್ಬಿಡುತ್ತೆ, ನಿನಗೆ ಗೊತ್ತಲ್ಲ."

"ಹೇಳೋದು ಬೇಡ ಅಕ್ಕ, ಒಂದು ಒಲೆ ತಂದಿಡೋದಷ್ಟೇ."

"ಅವರು ಕೇಳ್ತಾರಲ್ಲ, ಬೇರೆ ಊಟ ಮಾಡ್ತೀರಾ ಅಂತ? ಹ್ಞೂಂ ಅನ್ನಬೇಕಲ್ಲ? ಅದಕ್ಕೆ ನಿಜವಾಗ್ಲೂ ಬೇರೆ ಆಗ್ಬಿಡೋಣ. ಹಿಂದಿನ ಕೋಣೇಲಿ ನಾನೇ ಬೇಯಿಸ್ಕೊಂಡು ತಿಂತೀನಿ. ಆಗ ಹ್ಞೂಂ ಅಂದ್ರೆ ಹ್ಞೂಂ."

ಬೇಡ ಎನ್ನಲು ಅವನು ಬಾಯಿ ತೆರೆದ. ಬಾಯಿಯಿಂದ ಬಂದದ್ದು, "ಗ್ಯಾಸಿನ ಒಲೆನಾ, ಕರೆಂಟಿನದಾ?" ಎಂಬ ಮಾತು. ಅಷ್ಟು ಸುಲಭವಾಗಿ ಒಪ್ಪಿಕೊಂಡ ತನ್ನ ನಾಲಿಗೆಯನ್ನು ಅವನು ಆಮೇಲೆ ಎಷ್ಟೋ ದಿನ ಶಪಿಸಿಕೊಂಡ.

ಅವನ ಹೆಂಡತಿ ವಿಷಯ ಕೇಳಿದವಳೇ ಸೌಟನ್ನು ಕುಕ್ಕಿದಳು. "ಇದೇನು ಅತ್ತಿಗೆ, ಈ ವಯಸ್ಸಲ್ಲಿ ಮನೆ ಮನೆ ಆಟ? ಬೀದಿಯವರು ನನ್ನ ಮುಖಕ್ಕೆ ಉಗೀತಾರೆ. ತಮ್ಮನ ಹೆಂಡತಿ ಬೇರೆ ಹಾಕಿಸಿದಳು ಅಂತಾರೆ."

"ಅನ್ನಲಿ ಬಿಡೇ. ಅವರ ಬಾಯಿಗೆ ನಾನು ಕಾಜಾ ಹಾಕ್ಲಾ?" ಎಂದಳು ಅಕ್ಕ.

ಹಿಂದಿನ ಕೋಣೆ ಓಣಿಯ ಕಡೆಗೆ ಬಾಗಿಲಿದ್ದ ಚಿಕ್ಕ ಕೋಣೆ. ಅವನ ಹಳೆಯ ಸೈಕಲ್ಲು, ಆಯಿಲ್ ಡಬ್ಬಗಳು, ಒಂದು ಮುರಿದ ಏಣಿ ಅಲ್ಲಿದ್ದವು. ಭಾನುವಾರ ಅವನೇ ಎಲ್ಲ ಹೊರಗೆ ಹಾಕಿ, ಗೋಡೆಗೆ ಹಲಗೆ ಹೊಡೆದು, ಒಲೆ ಕೂರಿಸಿದ. ಡಿಪೊದಲ್ಲಿ ಅವನು ಬಿಗಿದ ನಟ್ಟು ಸಡಿಲವಾದ ದಾಖಲೆಯಿಲ್ಲ. ಆ ದಿನ ಗ್ಯಾಸ್ ಪೈಪಿನ ಕ್ಲಿಪ್ಪನ್ನು ಮೂರು ಸಲ ಬಿಗಿದರೂ ಕೈಗೆ ಭರವಸೆ ಬರಲಿಲ್ಲ. ಅಕ್ಕ ಸೋಪಿನ ನೊರೆ ಹಚ್ಚಿ ಗ್ಯಾಸು ಸೋರುತ್ತಿಲ್ಲ ಎಂದು ತೋರಿಸಿದ ಮೇಲೇ ಎದ್ದ. ಹೊರಗೆ ಬಂದು ಸೈಕಲ್ಲಿನ ಸೀಟು ಒರೆಸುತ್ತಾ ನಿಂತ. ಒರೆಸುವುದಕ್ಕೇನೂ ಇರಲಿಲ್ಲ.

ಮೊದಲ ಕೆಲವು ದಿನ ಹೆಂಡತಿಯ ಅಳತೆ ತಪ್ಪಿತು. ರಾತ್ರಿ ಪಾತ್ರೆಯಲ್ಲಿ ಒಬ್ಬರ ಊಟ ಉಳಿಯುತ್ತಿತ್ತು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಅವಳು ಮುಚ್ಚಳ ತೆರೆದು ನೋಡುವುದು, ಮತ್ತೆ ಮುಚ್ಚುವುದು ಮಾಡುತ್ತಿದ್ದಳು. ಒಂದು ಸಂಜೆ ತಟ್ಟೆ ಹಿಡಿದು ಹಿಂದಿನ ಕೋಣೆಗೆ ಹೋದವಳು ಹಾಗೇ ತಿರುಗಿ ಬಂದಳು. "ತಗೊಂಡ್ರೆ ಅವರು ಬಂದಾಗ ಹ್ಞೂಂ ಅನ್ನೋಕೆ ಆಗಲ್ವಂತೆ. ಒಂದು ತುತ್ತಿಗೂ ಲೆಕ್ಕ ನಿಮ್ಮಕ್ಕನದು" ಎಂದು ತಟ್ಟೆಯನ್ನು ಗಂಡನ ಮುಂದೆ ಇಟ್ಟಳು. ಅವನು ಅದನ್ನೂ ತಿನ್ನಬೇಕಾಯಿತು.

ಆಮೇಲೆ ಅಳತೆ ಸರಿಹೋಯಿತು. ಅದು ಅವನಿಗೆ ಇನ್ನೂ ಸಂಕಟವಾಯಿತು.

ಒಂದು ಮಧ್ಯಾಹ್ನ ಹಿಂದಿನ ಕೋಣೆಯಿಂದ ಹುರಿದ ಬೆಳ್ಳುಳ್ಳಿಯ ವಾಸನೆ ಬಂತು. ಮನೆಯಲ್ಲಿ ಬೆಳ್ಳುಳ್ಳಿ ಹಾಕುವುದು ನಿಂತು ವರ್ಷಗಳಾಗಿದ್ದವು. ಮನೆಯಲ್ಲೇ ಇದ್ದ ಮಾವನಿಗೆ ಎದೆಯುರಿ. ಅದಕ್ಕೂ ಮುಂಚೆ, ಅವನು ಹುಡುಗನಾಗಿದ್ದಾಗ, ಅವನಿಗೇ ಆಗುತ್ತಿರಲಿಲ್ಲ. ಅವನು ಬಾಗಿಲಲ್ಲಿ ಇಣುಕಿದ. ಅಕ್ಕ ಸ್ಟೂಲಿನ ಮೇಲೆ ಕೂತು, ಬಾಣಲೆಯಿಂದಲೇ ಬೆಳ್ಳುಳ್ಳಿಯ ಎಸಳುಗಳನ್ನು ಬೆರಳಲ್ಲಿ ಎತ್ತಿ, ಊದಿ ಊದಿ ತಿನ್ನುತ್ತಿದ್ದಳು. ಅವಳಿಗೆ ಬೆಳ್ಳುಳ್ಳಿ ಇಷ್ಟವೆಂದು ಅವನಿಗೆ ಗೊತ್ತೇ ಇರಲಿಲ್ಲ. ಸದ್ದು ಮಾಡದೆ ಹಿಂದೆ ಸರಿದ.

ಇನ್ನು ಮಾವ. ನಿವೃತ್ತ ಡ್ರಿಲ್ ಮಾಸ್ತರು. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಯಲ್ಲೇ ಇದ್ದರು. ಅಳಿಯನ ವಿಮೆಯಲ್ಲಿ ಔಷಧಿ ನಡೆದು ಅವರ ಕೆಮ್ಮು ಹೇಳಹೆಸರಿಲ್ಲದೆ ಹೋಗಿತ್ತು. ಈಗ ಗುಂಡುಕಲ್ಲಿನ ಹಾಗಿದ್ದರು. ಬೆಳಿಗ್ಗೆ ಎದ್ದು ಅಂಗಳದಲ್ಲಿ ಬನಿಯನ್ನು ತೊಟ್ಟು, "ಏಕ್, ದೋ" ಎಂದು ತಮಗೆ ತಾವೇ ಆಜ್ಞೆ ಕೊಟ್ಟುಕೊಂಡು ಕೈಕಾಲು ಬೀಸುತ್ತಿದ್ದರು. ಒಂದು ಬೆಳಿಗ್ಗೆ ಒದ್ದೆ ಮೆಟ್ಟಿಲ ಮೇಲೆ ಅವರ ಕಾಲು ಜಾರಿತು. ತಮ್ಮ ಹಲ್ಲುಜ್ಜುತ್ತಾ ಅಲ್ಲೇ ನಿಂತಿದ್ದ. ಮಾವ ಬಿದ್ದರು. ಇವನ ಕೈ ಮುಂದೆ ಓಡುವ ಮೊದಲೇ ಒಂದು ಯೋಚನೆ ಓಡಿಹೋಯಿತು. ಇವರು ಹೋದರೆ ವಿಮೆಯಲ್ಲಿ ಆ ಜಾಗ ಖಾಲಿಯಾಗುತ್ತದೆ.

ಅಷ್ಟೇ. ಮರುಕ್ಷಣ ಅವನು ಅವರನ್ನು ಬಾಚಿ ಎತ್ತಿದ್ದ. ಮೊಣಕೈ ತರಚಿತ್ತು, ಬೇರೇನೂ ಆಗಿರಲಿಲ್ಲ. ಆದರೆ ಅವನ ಮುಖ ಬಿಳಿಚಿಕೊಂಡಿತ್ತು, ಬಾಯಿಯ ಪೇಸ್ಟು ಗಲ್ಲದ ಮೇಲೆ ಇಳಿಯುತ್ತಿತ್ತು.

"ಬಿದ್ದಿದ್ದು ನಾನು, ಗಾಬರಿ ಬಿದ್ದಿದ್ದು ನೀವಾ ಅಳಿಯಂದ್ರೇ?" ಎಂದು ಮಾವ ನಕ್ಕರು. ಅವನು ತರಚಿದ ಜಾಗಕ್ಕೆ ಹತ್ತಿ ಒತ್ತುತ್ತಿದ್ದಾಗ ಅವರ ನಗು ನಿಂತಿತು. ಹಿಂದಿನ ಕೋಣೆಯ ಕಡೆ ನೋಡುತ್ತಾ ಮೆಲ್ಲಗೆ ಹೇಳಿದರು. "ಆ ತಾಯಿಯ ಜಾಗದಲ್ಲಿ ನಾನು ಕೂತಿದ್ದೀನಿ ಅಂತ ನನಗೂ ಗೊತ್ತು. ಎದ್ದು ಬಿಟ್ಟುಕೊಡೋಣ ಅಂದ್ರೆ ಅದೇನು ಬಸ್ ಸೀಟಲ್ಲ. ಆಫೀಸಿಗೆ ಹೋಗಿ ಕೇಳಿದೆ. ಬದುಕಿರೋವರೆಗೂ ಆಗಲ್ಲ ಅಂದ್ರು."

"ನೀವು ಹೋಗಿದ್ರಾ?"

"ಹೋಗಿದ್ದೆ. ಮಗಳಿಗೆ ಹೇಳ್ಬೇಡಿ."

ಅವನು ಹತ್ತಿಯನ್ನು ಒತ್ತುತ್ತಲೇ ಇದ್ದ. ಈ ಮನುಷ್ಯ ತನ್ನ ಹೆಸರು ಅಳಿಸಿಕೊಳ್ಳಲು ಮೆಟ್ಟಿಲು ಹತ್ತಿ ಇಳಿದು ಬಂದಿದ್ದಾರೆ. ತಾನು ನಿಂತಲ್ಲೇ ಅವರನ್ನು ಅಳಿಸಿಬಿಟ್ಟಿದ್ದ. ಅಂದು ಡಿಪೊದಲ್ಲಿ ಬಸ್ಸಿನ ಅಡಿಯಲ್ಲಿ ಮಲಗಿ ಕೆಲಸ ಮಾಡುವಾಗ ಅವನಿಗೆ ಅಲ್ಲಿಂದ ಹೊರಗೆ ಬರುವುದೇ ಬೇಡವೆನಿಸಿತು.

ಪರಿಶೀಲನೆಯವರು ಬಂದದ್ದು ಒಂದು ರಜೆಯ ದಿನ. ಚೀಲ ನೇತುಹಾಕಿಕೊಂಡ, ಬಿಸಿಲಿಗೆ ಬಾಡಿದ ಸಣಕಲು ಮನುಷ್ಯ. ಕುಡಿಯಲು ನೀರು ಕೇಳಿದರು. ಹೆಂಡತಿ ಮುಂದಿನ ಮನೆಯಿಂದ ಒಂದು ಲೋಟ ತಂದಳು, ಅಕ್ಕ ಹಿಂದಿನ ಕೋಣೆಯಿಂದ ಒಂದು ಲೋಟ ತಂದಳು. ಅವರು ಎರಡನ್ನೂ ಕುಡಿದರು.

"ಎರಡು ಮನೆ ಅನ್ನೋದಕ್ಕೆ ಇದೇ ಸಾಕು ನೋಡಿ" ಎಂದು ಬಾಯೊರೆಸಿಕೊಂಡರು. ಆದರೂ ಹಿಂದಿನ ಕೋಣೆಗೆ ಹೋದರು. ಹಲಗೆಯ ಮೇಲಿನ ಡಬ್ಬಗಳ ಮುಚ್ಚಳ ತೆಗೆದು ನೋಡಿದರು. ಒಲೆಯ ಮೇಲೆ ಆಲೂಗಡ್ಡೆ ಬೇಯುತ್ತಿತ್ತು. ತೊಳೆದ ಒಂದು ತಟ್ಟೆ, ಒಂದು ಲೋಟ, ಒಂದು ಚಮಚ ಮಗುಚಿ ಇಟ್ಟಿದ್ದವು. ತೋರಿಸಲು ಇಟ್ಟ ಒಲೆಗಳನ್ನು ಎಷ್ಟೋ ಕಂಡಿದ್ದ ಆ ಮನುಷ್ಯ ಈ ಒಲೆಯ ಅಂಚಿನ ಜಿಡ್ಡನ್ನು ಬೆರಳಿನಿಂದ ಮುಟ್ಟಿ ತಲೆಯಾಡಿಸಿದರು.

"ಬೇರೆ ಅಡುಗೆನಾ, ಅಮ್ಮ?"

"ಹ್ಞೂಂ" ಎಂದಳು ಕಾಜಾ ಅಕ್ಕ. ಅವಳ ಕಿವಿ ಕೆಂಪಾಗಲಿಲ್ಲ.

"ಯಾಕೆ ಬೇರೆ ಆದ್ರಿ? ಕಾರಣ ಬರೀಬೇಕು. ಕಾರ್ಡಿಗೋಸ್ಕರ ಅಂತ ಬರೆದ್ರೆ ಮೇಲಿನವರು ತಳ್ಳಿಹಾಕ್ತಾರೆ. ಜಗಳ ಆಯ್ತಾ?"

ಅಕ್ಕ ತಡವರಿಸಿದಳು. ಜಗಳವಾಗಿರಲಿಲ್ಲ. ಹ್ಞೂಂ ಎಂದರೆ ಸುಳ್ಳು, ಇಲ್ಲ ಎಂದರೆ ಕಾರ್ಡಿಲ್ಲ. ಅವಳ ಕಿವಿಯ ತುದಿ ಬಣ್ಣ ತಿರುಗಲು ಶುರುವಾದದ್ದನ್ನು ತಮ್ಮ ಕಂಡ.

"ನಾನೇ ಬೇರೆ ಹಾಕಿದೆ, ಸಾರ್" ಎಂದ.

ಓಣಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವರ ಕೈ ನಿಂತಿತು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಯಾಕೆ?" ಎಂದರು ಆ ಮನುಷ್ಯ, ಪೆನ್ನಿನ ತುದಿಯನ್ನು ಕಾಗದದ ಮೇಲಿಟ್ಟುಕೊಂಡು.

"ನಮ್ಮ ಕಡೆ ಜಾಗ ಇರಲಿಲ್ಲ. ಇದ್ದ ಒಂದು ಜಾಗ ಬೇರೆಯವರಿಗೆ ಕೊಟ್ಟುಬಿಟ್ಟಿದ್ದೆ. ಅಕ್ಕನ ವಿಷಯ ಯೋಚನೆ ಮಾಡಲಿಲ್ಲ. ತಪ್ಪು ನನ್ನದು."

ಪರಿಶೀಲನೆಯವರು ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಇಂಥವರನ್ನು ದಿನವೂ ನೋಡುವ ಬೇಸರವಿತ್ತು. "ತಮ್ಮ ಹೊರಗೆ ಹಾಕಿದ್ದಾನೆ" ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಬರೆದರು.

ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಎಷ್ಟೋ ದಿನದಿಂದ ಎದೆಯಲ್ಲಿ ಸಿಕ್ಕಿಕೊಂಡಿದ್ದ ಮುಳ್ಳು ಕಿತ್ತುಬಂದ ಹಾಗೆ ಅವನಿಗೆ ಅನಿಸಿತು. ಆ ಹಗುರ ಆ ಸಂಜೆಯವರೆಗೂ ಉಳಿಯಲಿಲ್ಲ.

ಸಂಜೆ ಅವನು ಕೋಟುಗಳ ಗಂಟನ್ನು ಟೈಲರಿನ ಅಂಗಡಿಗೆ ಕೊಡಲು ಹೋದ. ಮೂವತ್ತು ವರ್ಷದಿಂದ ಅಕ್ಕನಿಗೆ ಕೆಲಸ ಕೊಡುತ್ತಿದ್ದ ಮುದಿ ಟೈಲರು ಗಂಟನ್ನು ತೆಗೆದುಕೊಂಡು, ಕೂರಲು ಹೇಳಲಿಲ್ಲ. "ನಿನ್ನ ಕೈಲಿ ಇನ್ನು ಕಳಿಸೋದು ಬೇಡ ಅಂತ ಅಕ್ಕನಿಗೆ ಹೇಳು. ನಾನೇ ಬಂದು ತಗೊಂಡು ಹೋಗ್ತೀನಿ" ಎಂದರು. ಕತ್ತರಿ ಬಟ್ಟೆಯ ಮೇಲೆ ಓಡುತ್ತಲೇ ಇತ್ತು. "ನಿನ್ನ ಶಾಲೆಯ ಚಡ್ಡಿ ಹೊಲಿದುಕೊಟ್ಟಿದ್ದು ನಾನು. ಹೊಲಿದ ಕೂಲಿ ತೀರಿಸೋಕೆ ಅವಳು ನಲವತ್ತು ಅಂಗಿಗೆ ಗುಂಡಿ ಹಾಕಿದ್ದಳು. ಥೂ."

ಡಿಪೊಗೂ ಸುದ್ದಿ ಮುಟ್ಟಿತು. "ಏನಯ್ಯಾ, ಅಕ್ಕನ್ನ ರಿಪೇರಿ ಮಾಡಿಸೋದು ಬಿಟ್ಟು ಗುಜರಿಗೆ ಹಾಕಿದ್ಯಂತೆ?" ಎಂದ ಪಕ್ಕದ ಮೆಕ್ಯಾನಿಕ್. ಎಲ್ಲರೂ ಕಾಯುತ್ತಾ ನಿಂತರು. ಅವನು ಎಲ್ಲವನ್ನೂ ಬಿಡಿಸಿ ಹೇಳಬಹುದಿತ್ತು. ಹೇಳಿದ ಮಾತು ಹೇಗೆ ಸುತ್ತಿ ಆ ಸಣಕಲು ಮನುಷ್ಯನ ಕಿವಿ ತಲುಪುತ್ತದೋ ಎಂಬ ಹೆದರಿಕೆ ಒಂದು ಕಡೆ. ಇನ್ನೊಂದು ಕಡೆ, ಅವರು ಬೈಯುತ್ತಿರುವುದು ತಪ್ಪು ಕಾರಣಕ್ಕೇ ಇರಬಹುದು, ಬೈಗುಳ ಮಾತ್ರ ಸರಿಯಾದ ವಿಳಾಸಕ್ಕೇ ಬಂದಿದೆ ಎಂಬ ಅನಿಸಿಕೆ. ಅವನು ಸ್ಪ್ಯಾನರ್ ಹಿಡಿದು ಬಸ್ಸಿನ ಅಡಿಗೆ ತೂರಿದ.

ಅಕ್ಕ ಮಾತ್ರ ಕೆಂಡವಾದಳು. "ಆ ಟೈಲರಣ್ಣನ ಮುಂದೆ ಹೋಗಿ ನಾನೇ ಹೇಳ್ತೀನಿ. ನನ್ನ ತಮ್ಮನ್ನ ಬೈಯೋಕೆ ಅವರ್ಯಾರು? ಬೈಯೋದಿದ್ರೆ ನಾನು ಬೈತೀನಿ."

"ಬೈಯಿ ಅಕ್ಕ" ಎಂದ ಅವನು. ಅವನಿಗೆ ನಿಜಕ್ಕೂ ಅದು ಬೇಕಿತ್ತು. "ಆದ್ರೆ ಅವರಿಗೆ ಏನೂ ಹೇಳ್ಬೇಡ. ಕಾರ್ಡ್ ಬರಲಿ."

ಅವಳು ಬೈಯಲಿಲ್ಲ. ಆಸ್ಪತ್ರೆಯ ದಿನ ನೇತಾಡುತ್ತಿದ್ದ ಅವನ ಗುಂಡಿಯನ್ನು ಅವಳೇ ಹೊಲಿದಿದ್ದಳು, ಅದು ಬಿಗಿಯಾಗಿದೆಯೇ ಎಂದು ಮತ್ತೊಮ್ಮೆ ಎಳೆದು ನೋಡಿ ಒಳಗೆ ಹೋದಳು.

ಕಾರ್ಡ್ ಬಂತು. ಕುಟುಂಬದ ಮುಖ್ಯಸ್ಥರು ಎಂಬಲ್ಲಿ ಅವಳ ಹೆಸರು, ಅವಳ ಕೆಳಗೆ ಯಾರೂ ಇಲ್ಲ. ಆಪರೇಷನ್ನಿಗೆ ಮುಂಚೆ ನರ್ಸಮ್ಮ ಸಹಿ ಹಾಕಿಸಿಕೊಳ್ಳುತ್ತಾ, "ನೀವು ಒಂದೇ ಮನೆಯವರಾ?" ಎಂದು ಸುಮ್ಮನೆ ಕೇಳಿದಳು. ಅವನು ಅಕ್ಕನ ಮುಖ ನೋಡಿದ. ಅವಳು ಸ್ಟ್ರೆಚರಿನ ಮೇಲೆ ಮಲಗಿಕೊಂಡೇ, "ಪಕ್ಕದ ಮನೆ" ಎಂದಳು. ಬಾಗಿಲು ಅವಳನ್ನು ಒಳಗೆಳೆದುಕೊಂಡು ಮುಚ್ಚಿಕೊಂಡಿತು. ಅವಳು ನಗಿಸಲು ಹೇಳಿದ್ದಳೋ, ನಿಜವನ್ನೇ ಹೇಳಿದ್ದಳೋ ಎಂದು ಅವನು ಆ ಬಾಗಿಲನ್ನೇ ನೋಡುತ್ತಾ ನಿಂತುಬಿಟ್ಟ. ಹೆಂಡತಿ ಬೆಂಚಿನ ಮೇಲೆ ಕೂತು ಬಿಕ್ಕುತ್ತಿದ್ದಳು. ಮಾವ ಆಸ್ಪತ್ರೆಯ ಕಾರಿಡಾರಿನಲ್ಲಿ ಈ ತುದಿಯಿಂದ ಆ ತುದಿಗೆ ಡ್ರಿಲ್ಲಿನ ಹೆಜ್ಜೆಯಲ್ಲೇ ನಡೆಯುತ್ತಿದ್ದರು. ಕಾವಲುಗಾರ ಕೂರಿ ಎಂದರೂ ಕೂರಲಿಲ್ಲ.

ಕವಾಟ ಕೂತಿತು. ಚೆನ್ನಾಗಿಯೇ ಕೂತಿತು ಎಂದರು ಡಾಕ್ಟರು. ಬದುಕಿರುವಷ್ಟು ಕಾಲ ರಕ್ತ ತೆಳುವಾಗಿಸುವ ಮಾತ್ರೆ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಎಲ್ಲ ಕಾರ್ಡಿನಲ್ಲೇ. ಅಂದರೆ ಬದುಕಿರುವಷ್ಟು ಕಾಲ ಒಲೆಯೂ ಬೇರೆ. ಅದು ತಮ್ಮನಿಗೆ ಅಲ್ಲಿ, ಮಾತ್ರೆಗಳ ಪೊಟ್ಟಣ ಕೈಯಲ್ಲಿ ಹಿಡಿದು ನಿಂತಾಗ ಅರ್ಥವಾಯಿತು. ಆಪರೇಷನ್ ಮುಗಿದ ಮೇಲೆ ಅಕ್ಕ ಮೊದಲಿನ ಹಾಗೆ ಮುಂದಿನ ಮನೆಯ ಊಟದ ಮೇಜಿಗೆ ಬಂದು ಕೂರುತ್ತಾಳೆ ಎಂದು ಅವನು ಯಾರಿಗೂ ಹೇಳದೆ ನಂಬಿಕೊಂಡಿದ್ದ.

ಮನೆಗೆ ಕರೆತಂದ ಮೇಲೆ ಅಕ್ಕ ಭಾರ ಎತ್ತುವಂತಿರಲಿಲ್ಲ, ಕೈ ಮೇಲೆ ಚಾಚುವಂತಿರಲಿಲ್ಲ. ಬೇಯಿಸಿ ಕೊಡುವವರು ಯಾರು? ಹೆಂಡತಿ ಯಾರನ್ನೂ ಕೇಳಲಿಲ್ಲ. ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು ಹಿಂದಿನ ಕೋಣೆಗೆ ನಡೆದಳು. ಅಕ್ಕನ ಒಲೆ ಹಚ್ಚಿ, ಅಕ್ಕನ ಡಬ್ಬದಿಂದಲೇ ಸಾಮಾನು ತೆಗೆದು, ಅಕ್ಕನ ಬಾಣಲೆಯಲ್ಲೇ ಅಡುಗೆ ಮಾಡತೊಡಗಿದಳು.

"ಒಲೆ ನಿಮ್ಮದೇ, ಸಾಮಾನೂ ನಿಮ್ಮದೇ. ನಾನು ಕೂಲಿಯವಳು. ಈಗ ಬರಲಿ ನಿಮ್ಮ ಪರಿಶೀಲನೆಯವರು" ಎಂದಳು.

"ಕೂಲಿಯವಳಾದ್ರೆ ಬೆಳ್ಳುಳ್ಳಿ ಇನ್ನೊಂದಿಷ್ಟು ಹಾಕು" ಎಂದಳು ಅಕ್ಕ ಹಾಸಿಗೆಯಿಂದ.

"ಅಯ್ಯೋ, ಈ ಯಜಮಾನಿತಿಯ ದರ್ಬಾರು ನೋಡಿ!"

ಇಬ್ಬರೂ ನಗುವುದು ಮುಂದಿನ ಮನೆಗೆ ಕೇಳಿಸಿತು. ಅಕ್ಕ ಹಾಗೆ ಒಬ್ಬರಿಗೆ ಇದು ಬೇಕು, ಅದು ಬೇಕು ಎಂದು ಹೇಳಿದ್ದನ್ನು ತಮ್ಮ ಮೊದಲ ಬಾರಿ ಕೇಳುತ್ತಿದ್ದ.

ಗಾಯ ಮಾಯುತ್ತಾ ಬಂದ ಒಂದು ಸಂಜೆ ಅವನು ಡಿಪೊದಿಂದ ಬಂದವನು ಓಣಿಯ ಬಾಗಿಲಿನಿಂದಲೇ ಹಿಂದಿನ ಕೋಣೆಗೆ ಹೋದ. ಅಕ್ಕ ದಿಂಬಿಗೆ ಒರಗಿ, ಒಂದು ಕರಿಯ ಕೋಟನ್ನು ಮಡಿಲಲ್ಲಿ ಹರಡಿಕೊಂಡು ಕಾಜಾ ಹಾಕುತ್ತಿದ್ದಳು. ಅವನು ಸ್ಟೂಲಿನ ಮೇಲೆ ಕೂತ. ಅವಳ ಎದೆಯ ಒಳಗಿನಿಂದ ಹೊಸ ಕವಾಟದ ಸಣ್ಣ ಟಿಕ್ ಟಿಕ್ ಸದ್ದು ಬರುತ್ತಿತ್ತು. ಕಿವಿಗೊಟ್ಟರೆ ಕೇಳುವಂಥದ್ದು. ಇಂಥ ಸದ್ದಿಗೆ ಕಿವಿಗೊಡುವುದನ್ನು ಅವನು ಈಗ ಕಲಿತಿದ್ದ.

"ಒಂದು ಕೇಳ್ತೀನಿ, ನಿಜ ಹೇಳು" ಎಂದಳು ಅಕ್ಕ, ಕಣ್ಣೆತ್ತದೆ.

ಕೌಂಟರಿನ ಗಾಜಿನ ಮುಂದೆ ಅವನು ಕಾದಿದ್ದ, ಬಸ್ಸಿನಲ್ಲಿ ಕಾದಿದ್ದ, ಒಲೆ ಕೂರಿಸುವಾಗ ಕಾದಿದ್ದ ಮಾತು ಇದೇ ಎಂದು ಅವಳು ಬಾಯಿ ತೆರೆಯುವ ಮುಂಚೆಯೇ ಗೊತ್ತಾಯಿತು.

"ಅವತ್ತು ಗುಮಾಸ್ತರು ಹಿರಿಯರು ಯಾರು ಅಂತ ಕೇಳಿದಾಗ, ನನ್ನ ಹೆಸರು ನಿನ್ನ ಬಾಯಿವರೆಗೆ ಬಂದು, ಬೇಡ ಅಂತ ನುಂಗಿಕೊಂಡ್ಯಾ? ಇಲ್ಲ, ನೆನಪೇ ಆಗಲಿಲ್ವಾ?"

ನುಂಗಿಕೊಂಡೆ ಎಂದಿದ್ದರೆ ಅದಕ್ಕೊಂದು ನೆಪವಿರುತ್ತಿತ್ತು. ಮಾವನ ಕೆಮ್ಮು, ಹೆಂಡತಿಯ ಕಣ್ಣೀರು. ಅವನು ಅವಳ ಕಿವಿಯನ್ನು ನೋಡಿದ, ಆಮೇಲೆ ತನ್ನ ಕೈಯನ್ನು.

"ನೆನಪಾಗಲಿಲ್ಲ, ಅಕ್ಕ" ಎಂದ. "ಒಂದು ಸಲವೂ ಆಗಲಿಲ್ಲ."

ಸೂಜಿ ಬಟ್ಟೆಯೊಳಗೆ ಹೋಯಿತು, ಹೊರಗೆ ಬಂತು, ಮತ್ತೆ ಹೋಯಿತು. ಅವಳು ಒಂದು ಕಾಜಾವನ್ನು ಮುಗಿಸಿ, ದಾರ ಕತ್ತರಿಸಿ, ಅಂಚನ್ನು ಉಗುರಿನಿಂದ ತೀಡಿದಳು.

"ನೀನು ಬಂದು ಹೇಳಿದಾಗ ನನಗೂ ನೆನಪಾಗಲಿಲ್ಲ ಕಣೋ" ಎಂದಳು. "ಒಳ್ಳೇದಾಯ್ತು ಅಂದೆ. ನಿನ್ನ ಮಾವನ ಬದಲು ನಾನಿರಬಹುದಿತ್ತು ಅಂತ ನನ್ನ ತಲೆಗೇ ಬರಲಿಲ್ಲ. ಆಸ್ಪತ್ರೆಯಲ್ಲಿ ಆ ಹೆಂಗಸು ಕೇಳಿದಾಗ್ಲೇ ಹೊಳೆದಿದ್ದು. ನನಗೇ ನೆನಪಾಗದ ಹೆಸರು ನಿನಗೆ ಹೇಗೆ ನೆನಪಾಗುತ್ತೆ?"

ಅವಳು ಅದನ್ನು ಅವನ ಹೊರೆ ಇಳಿಸಲೆಂದು ಹೇಳಿದ್ದಳು. ಅದು ಅವನಿಗೆ ಗೊತ್ತಾಯಿತು. ಆ ಹೆಸರನ್ನು ಅವಳೇ ಮರೆಯುವ ಹಾಗೆ ಇಷ್ಟು ವರ್ಷ ಅವಳ ಮಡಿಲಲ್ಲಿ ಕೂತು ಉಂಡವನು ತಾನೇ ಎಂಬುದೂ ಗೊತ್ತಾಯಿತು. ಅವನು ಮುಖವನ್ನು ಅಂಗೈಯಲ್ಲಿ ಮುಚ್ಚಿಕೊಂಡ. ಅಂಗೈ ಗ್ರೀಸಿನ ವಾಸನೆ ಹೊಡೆಯುತ್ತಿತ್ತು.

"ಅಳ್ಬೇಡ. ನನ್ನ ಎದೆಗೆ ಹೊಸ ಸಾಮಾನು ಹಾಕಿದ್ದಾರೆ, ಗಾಬರಿ ಮಾಡಿಸ್ಬಾರ್ದಂತೆ" ಎಂದಳು ಅಕ್ಕ. ಅವನ ಮೊಣಕಾಲನ್ನು ಕೋಟಿನ ತೋಳಿನಿಂದ ತಟ್ಟಿದಳು. "ಏಳು. ಕತ್ತಲಾಗ್ತಿದೆ. ನಿನ್ನ ಮನೇಲಿ ಊಟಕ್ಕೆ ಕಾಯ್ತಿರ್ತಾರೆ."

ಅವನು ಎದ್ದ. ಬಾಗಿಲಲ್ಲಿ ಒಂದು ಕ್ಷಣ ನಿಂತ, ಅವಳು ಇನ್ನೇನಾದರೂ ಹೇಳುತ್ತಾಳೇನೋ ಎಂದು. ಅವಳು ಮುಂದಿನ ಕಾಜಾಕ್ಕೆ ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದಳು. ಅವನು ಓಣಿಗೆ ಇಳಿದು, ಗೋಡೆಯ ಪಕ್ಕದಲ್ಲೇ ನಡೆದು, ಸುತ್ತಿ ಬಂದು, ತನ್ನ ಮನೆಯ ಮುಂದಿನ ಬಾಗಿಲನ್ನು ತಟ್ಟಿದ.